ಊಟದ ಮೇಜಿನಲ್ಲಿ ತೋಡಿದ ಕಲ್ಲಿದ್ದಲ ಗಣಿ

ಗಂಡಸರಿಗೆ ಒಂದು ವಯಸ್ಸು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ನಮ್ಮ ಬಿಲ್ಡಿಂಗಿನಲ್ಲೇ ನೋಡಿ: ಮೂರನೆಯ ಮಾಳಿಗೆಯವರೊಬ್ಬರು ಬೆಳಿಗ್ಗೆ ಆರಕ್ಕೆ ಟೆರೇಸ್ ಹತ್ತಿ ಗಟ್ಟಿಯಾಗಿ ನಗುತ್ತಾರೆ, ಆರೋಗ್ಯಕ್ಕೆ ಒಳ್ಳೆಯದಂತೆ. ಎದುರು ವಿಂಗಿನವರೊಬ್ಬರು ಸೊಸೈಟಿಯ ಸೆಕ್ರೆಟರಿಗೆ ವಾರಕ್ಕೊಂದು ದೂರಿನ ಪತ್ರ ಬರೆಯುತ್ತಾರೆ. ಇಂಥವರ ಹೆಂಡತಿಯರನ್ನು ಕಂಡಾಗ ನನ್ನ ಹೆಂಡತಿ ಸುಗುಣಳಿಗೆ ಮೊದಲು ಅನುಕಂಪ ಹುಟ್ಟುತ್ತಿತ್ತು. ಈಗ ಹೊಟ್ಟೆಕಿಚ್ಚು ಹುಟ್ಟುತ್ತದೆ. ಏಕೆಂದರೆ ನಗುವವರ ಮನೆಯಲ್ಲಿ ಊಟದ ಮೇಜು ಊಟಕ್ಕೆ ಸಿಗುತ್ತದೆ. ನಮ್ಮ ಮನೆಯಲ್ಲಿ ಅದರ ಮೇಲೆ ಕಲ್ಲಿದ್ದಲ ಗಣಿ ಇದೆ.

ಹಡಗಿನ ಸರಕಿಗೆ ವಿಮೆ ಮಾಡಿಸುವ ಒಂದು ಕಚೇರಿಯಲ್ಲಿ ನಾನು ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ವಡಾಲದಲ್ಲಿ, ಬಂದರಿನ ಕಡೆ ಹೋಗುವ ಗೂಡ್ಸ್ ಗಾಡಿಗಳು ಕಾಣುವಂಥ ಒಂದು ಕೋಣೆಯಲ್ಲಿ. ಬೇರೆಯವರು ಹೊಸ ಹೆಂಡತಿಯ ಮುಖ ನೋಡುತ್ತ ಕೂರುವ ದಿನಗಳಲ್ಲಿ ನಾನು ಕಿಟಕಿಯಲ್ಲಿ ನಿಂತು ವ್ಯಾಗನ್ ಎಣಿಸುತ್ತಿದ್ದೆನಂತೆ. ಇದು ಸುಗುಣ ಹೇಳುವ ಮಾತು, ನಾನು ಅಲ್ಲಗಳೆಯುವುದಿಲ್ಲ. ನಿವೃತ್ತಿಯಾದ ಮೇಲೆ ಸಯನ್ನಿನ ಈ ಫ್ಲ್ಯಾಟಿನಲ್ಲಿ ವ್ಯಾಗನ್ ಕಾಣದಾದಾಗ ಅವನ್ನು ಮನೆಗೇ ತರಿಸಿದೆ. ಅಸಲಿನ ಎಂಬತ್ತೇಳರಲ್ಲಿ ಒಂದು ಭಾಗದಷ್ಟು ಗಾತ್ರದ ಇಂಜಿನ್, ಹದಿಮೂರು ವ್ಯಾಗನ್, ಸುತ್ತು ಹೊಡೆಯಲು ಹಳಿ. ಆ ಲೆಕ್ಕದಲ್ಲಿ ಮನುಷ್ಯನ ಎತ್ತರ ಎರಡು ಸೆಂಟಿಮೀಟರ್, ತಲೆ ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ಸುಗುಣ ಇದಕ್ಕೆ ಆಟಿಕೆ ರೈಲು ಎನ್ನುತ್ತಾಳೆ. ನಾನು ಮಾಡೆಲ್ ಎಂದು ತಿದ್ದುತ್ತೇನೆ. ಅವಳು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು, ಬೇರೆಯವರು ತಿದ್ದಿದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿಲ್ಲ.

ರೈಲು ಸುಮ್ಮನೆ ಸುತ್ತು ಹೊಡೆದರೆ ಏನು ಬಂತು? ಎಲ್ಲಿಂದಲೋ ಏನನ್ನೋ ಹೊತ್ತು ಎಲ್ಲಿಗೋ ಹೋಗಬೇಕು. ನಮ್ಮದೊಂದು ಸಣ್ಣ ಸಂಘವಿದೆ. ನನ್ನಂಥ ಹನ್ನೊಂದು ಮಂದಿ ಅದರ ಸದಸ್ಯರು. ವರ್ಷಕ್ಕೊಮ್ಮೆ ವಡಾಲದ ಒಂದು ಕಾಲನಿಯ ಹಾಲ್‌ನಲ್ಲಿ ಪ್ರದರ್ಶನ ನಡೆಸುತ್ತೇವೆ. ಅಲ್ಲಿ ಒಬ್ಬರು ಪ್ರತಿಸಲ ಹಿಮಬಿದ್ದ ಬೆಟ್ಟ, ದೀಪ ಮಿನುಗುವ ಸ್ಟೇಷನ್ ತಂದಿಟ್ಟು ಬಹುಮಾನ ಹೊಡೆಯುತ್ತಾರೆ. ಈ ಸಲ ಅವರನ್ನು ಸೋಲಿಸಲೇಬೇಕೆಂದು ನಾನು ಕಲ್ಲಿದ್ದಲ ಗಣಿಗೆ ಕೈ ಹಾಕಿದೆ. ಕಂಪ್ಯೂಟರಿನಲ್ಲಿ ಯಾವುದೋ ದೂರದೇಶದ ಗಣಿಯ ಫೋಟೋ ಹುಡುಕಿ, ಅದನ್ನು ಮುಂದಿಟ್ಟುಕೊಂಡು ಥರ್ಮೊಕೋಲ್ ಕೊರೆದು ಗುಡ್ಡ ಮಾಡಿದೆ. ಅದರ ಮೇಲೆ ಹಳೆಯ ಪತ್ರಿಕೆಯನ್ನು ಪ್ಲಾಸ್ಟರ್ ನೀರಿನಲ್ಲಿ ಅದ್ದಿ ಹೊದೆಸಿದೆ. ನೆಲದ ಮಣ್ಣಿನ ಬಣ್ಣಕ್ಕೆ ಕಾಫಿ ಸೋಸಿ ಉಳಿದ ಗಷ್ಟನ್ನು ಒಣಗಿಸಿ ಉದುರಿಸಿದೆ. ಅದಕ್ಕೆ ಮೊದಲೇ ಸಕ್ಕರೆ ಬಿದ್ದಿತ್ತೆಂದು ಕಾಣುತ್ತದೆ, ಮೂರನೆಯ ದಿನ ಇರುವೆಗಳು ಸಾಲುಹಿಡಿದು ಗಣಿಯ ಕೆಲಸಕ್ಕೆ ಹಾಜರಾದವು. ಎಂಬತ್ತೇಳರ ಲೆಕ್ಕದಲ್ಲಿ ಒಂದೊಂದು ಇರುವೆ ದೊಡ್ಡ ನಾಯಿಯಷ್ಟಾಗುತ್ತದೆ.

ಕಷ್ಟವಾದದ್ದು ಕಲ್ಲಿದ್ದಲು. ಇಷ್ಟು ದೊಡ್ಡ ಮುಂಬಯಿಯಲ್ಲಿ ಒಂದು ಮುಷ್ಟಿ ಕಲ್ಲಿದ್ದಲು ಸಿಗುವುದು ಸುಲಭವಲ್ಲ. ನಮ್ಮ ಇಸ್ತ್ರಿಯವನ ಬಳಿ ಇರುವುದು ಕಟ್ಟಿಗೆಯ ಇದ್ದಿಲು, ಅದನ್ನು ತಂದರೆ ಸಂಘದವರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ. ಕೊನೆಗೆ ಬೈಕುಲ್ಲಾದ ಒಂದು ಓಣಿಯಲ್ಲಿ ದಸ್ತಗೀರ್ ಸಾಹೇಬರ ಲೇತ್ ಅಂಗಡಿ ಸಿಕ್ಕಿತು. ಅವರ ಪಕ್ಕದ ಕುಲುಮೆಯಲ್ಲಿ ಅಸಲಿ ಕಲ್ಲಿದ್ದಲೇ ಉರಿಯುತ್ತಿತ್ತು. ದಸ್ತಗೀರ್ ಸಾಹೇಬರು ವಿಜಾಪುರದ ಕಡೆಯವರು. ನಾನು ಕನ್ನಡದವನೆಂದು ತಿಳಿದದ್ದೇ ಸ್ಟೂಲು ಕೊಟ್ಟು ಚಹಾ ತರಿಸಿದರು. ಗಣಿಯ ಬಾವಿಯ ಮೇಲಿನ ಎತ್ತರದ ಅಟ್ಟಣಿಗೆಯಲ್ಲಿ ಹಗ್ಗ ಓಡುವ ಗಾಲಿ ಇರುತ್ತದಲ್ಲ, ಅಂಥದೊಂದನ್ನು ಹಿತ್ತಾಳೆಯಲ್ಲಿ, ನಾಲ್ಕು ಸೆಂಟಿಮೀಟರ್ ಅಗಲಕ್ಕೆ, ಒಳಗೆ ಆರು ಕಡ್ಡಿ ಇರುವಂತೆ ಮಾಡಿಕೊಡಬೇಕೆಂದು ಚಿತ್ರ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ಇದೇನ್ರಿ ಸಾಹೇಬ್ರ, ಕೂಸಿನ ಕೈಯಾಗಿನ ಬಳಿ ಇದ್ದಂಗ ಐತಿ. ಕಾಯ್ಕೂ ಬೇಕ್ರಿ ನಿಮಗ?"

"ಕಲ್ಲಿದ್ದಲ ಗಣಿ ಮಾಡ್ತಾ ಇದ್ದೇನೆ."

"ಎಲ್ಲಿ?"

"ಸಯನ್‌ನಲ್ಲಿ. ಮನೆಯಲ್ಲಿ."

ಅವರು ಕನ್ನಡಕ ಕೆಳಗಿಳಿಸಿದರು. "ಮನ್ಯಾಗ ಅಕ್ಕಾರಿಗೆ ಗೊತ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅನುಭವಸ್ಥರು. ಗಾಲಿಯನ್ನು ಮಾತ್ರ ಎಂಥ ಚೆಂದ ಮಾಡಿಕೊಟ್ಟರೆಂದರೆ, ಬೆರಳಿನಿಂದ ಒಮ್ಮೆ ತಟ್ಟಿದರೆ ಒಂದು ನಿಮಿಷ ತಿರುಗುತ್ತಿತ್ತು. ಜೊತೆಗೆ ಒಂದು ಚೀಲ ಕಲ್ಲಿದ್ದಲನ್ನೂ ಕಟ್ಟಿಕೊಟ್ಟರು.

ಕಲ್ಲಿದ್ದಲನ್ನು ಕುಟ್ಟಿ, ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಮಾಡಬೇಕು. ವ್ಯಾಗನ್ನಿಗೆ ದಪ್ಪ, ರಾಶಿಗೆ ನಡುವಿನದು, ನೆಲಕ್ಕೆ ಹುಡಿ. ಇದಕ್ಕೆ ಬೇಕಾದ ಎಲ್ಲ ಸಲಕರಣೆ ಅಡಿಗೆಮನೆಯಲ್ಲೇ ಇದೆ. ಸುಗುಣ ತರಕಾರಿಗೆ ಹೋದಾಗ ನಾನು ರವೆಯ ಜರಡಿಯನ್ನು ಬಳಸಿ, ತೊಳೆದು, ಒರೆಸಿ, ಅಲ್ಲೇ ಇಟ್ಟೆ. ಮರುದಿನ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವಳು, "ಇವತ್ತು ಸಾಸಿವೆ ಸಿಡಿಯಲೇ ಇಲ್ಲ ಕಾಣ್ತದೆ, ಹಲ್ಲಿಗೆ ಸಿಗ್ತಾ ಉಂಟು" ಎಂದಳು. ನನ್ನ ಹಲ್ಲಿಗೂ ಸಿಕ್ಕಿತ್ತು. ನಾನು ಎರಡನೆಯ ಸಲ ಬಡಿಸಿಕೊಂಡು ತಿಂದೆ. ಅದು ನನ್ನ ಮಟ್ಟಿಗೆ ಪ್ರಾಯಶ್ಚಿತ್ತ.

ಆದರೆ ನಿಜವಾದ ಅಪರಾಧ ಇನ್ನೂ ಮುಂದಿತ್ತು. ಗಣಿ ಎಂದ ಮೇಲೆ ನೆಲದೊಳಗೆ ಇಳಿಯುವ ಬಾವಿ ಬೇಕು. ಅದರಲ್ಲಿ ಕಾರ್ಮಿಕರನ್ನು ಹೊತ್ತ ಪಂಜರ ಹಗ್ಗದ ಮೇಲೆ ಇಳಿದು ಹತ್ತಬೇಕು. ಗಣಿಯವರು ಅದನ್ನು ಡೋಲಿ ಎನ್ನುತ್ತಾರೆ. ನನ್ನ ಗುಡ್ಡ ಕೂತಿದ್ದು ಊಟದ ಮೇಜಿನ ಮೇಲೆ. ಎರಡು ಇಂಚು ಇಳಿಯುವಷ್ಟರಲ್ಲಿ ಡೋಲಿ ಮೇಜಿಗೆ ತಾಗಿ ನಿಲ್ಲುತ್ತಿತ್ತು. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಸುಗುಣ ಮುಲುಂಡಿನ ಮಗಳ ಮನೆಗೆ ಹೋದ ಮಧ್ಯಾಹ್ನ ಡ್ರಿಲ್ ತಂದು ಮೇಜಿಗೇ ರಂಧ್ರ ಕೊರೆದೆ. ಅದು ಸಾಗವಾನಿಯ ಮೇಜು. ಸುಗುಣ ಕೆಲಸಕ್ಕೆ ಸೇರಿದ ಮೊದಲ ವರ್ಷ ಸಂಬಳದಲ್ಲಿ ಉಳಿಸಿ ಕೊಂಡದ್ದು.

ಒಂದು ವಾರ ಯಾರಿಗೂ ತಿಳಿಯಲಿಲ್ಲ. ಪುಟ್ಟ ಮೋಟಾರು ಕೂರಿಸಿ, ಕರಿದಾರವನ್ನು ದಸ್ತಗೀರ್ ಸಾಹೇಬರ ಗಾಲಿಯ ಮೇಲೆ ಹಾಯಿಸಿ, ಡೋಲಿಯಲ್ಲಿ ಮೂವರು ಪ್ಲಾಸ್ಟಿಕ್ ಕಾರ್ಮಿಕರನ್ನು ನಿಲ್ಲಿಸಿ, ಸ್ವಿಚ್ ಒತ್ತಿದೆ. ಸರ್ರನೆ ಇಳಿಯಿತು. ನಾನು ಸಂತೋಷದಿಂದ ಮತ್ತೆ ಏರಿಸಿ ಇಳಿಸಿದೆ. ಸುಗುಣ ಆ ಹೊತ್ತಿಗೆ ಮೇಜಿನ ಕೆಳಗೆ ಬಗ್ಗಿ ಕಸ ಗುಡಿಸುತ್ತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಮೇಜಿನ ಹೊಟ್ಟೆಯೊಳಗಿಂದ ಪಂಜರವೊಂದು ಇಳಿದು ಬಂದು, ಅದರಲ್ಲಿದ್ದ ಮೂವರು ಗಂಡಸರು ಅವಳ ಮೂಗಿನ ಎದುರಿಗೇ ನಿಂತರು.

ಕೆಳಗಿನಿಂದ ಅವಳ ದನಿ ಬಂತು. "ಇವರು ಯಾರು?"

"ಗಣಿಯವರು" ಎಂದೆ.

"ಎಲ್ಲಿಂದ ಬಂದ್ರು?"

ನಾನು ಸ್ವಿಚ್ ಒತ್ತಿ ಡೋಲಿಯನ್ನು ಮೇಲೆಳೆದುಕೊಂಡೆ. ಅವಳು ಪೊರಕೆ ಹಿಡಿದು ಮೇಲೆದ್ದಳು. "ನೀವು ನನ್ನ ಮೇಜಿಗೆ ತೂತು ಹಾಕಿದ್ದೀರಿ."

"ತೂತಲ್ಲ, ಗಣಿಯ ಬಾವಿ."

ಆ ಸಮಯದಲ್ಲಿ ಪರಿಭಾಷೆಯನ್ನು ತಿದ್ದಬಾರದಿತ್ತು. ಅವಳು ಮುಂದಿನ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಹಾಲ್‌ನ ನೆಲದ ಮೇಲಿಟ್ಟು ಹೋಗುತ್ತಿದ್ದಳು. ನಾನು ಗಣಿಯ ನೆರಳಿನಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಅವಳು ಒಬ್ಬ ವೃದ್ಧರನ್ನು ಕರೆದುಕೊಂಡು ಬಂದಳು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಎಂಬತ್ತರ ಹತ್ತಿರದ ವಯಸ್ಸು. ಕೆಳಗಿನ ಮಾಳಿಗೆಯಲ್ಲಿ ಸುವರ್ಣಾ ಎಂಬ ನರ್ಸ್ ಇದ್ದಾಳೆ. ಅವಳ ತಂದೆ, ಶಿವಲಿಂಗಪ್ಪ. ನಾಲ್ಕು ತಿಂಗಳ ಹಿಂದೆ ಮಗಳ ಮನೆಗೆ ಬಂದವರು, ಬಂದಾಗಿನಿಂದ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದರು. ನಾನು ಹೋಗುವಾಗ ಬರುವಾಗ ನಮಸ್ಕಾರ ಮಾಡಿದ್ದುಂಟು, ಅವರು ತಲೆಯಾಡಿಸಿದ್ದುಂಟು, ಅಷ್ಟೇ. "ಅಜ್ಜನಿಗೆ ಹೊತ್ತು ಹೋಗುದಿಲ್ಲವಂತೆ. ನಿಮ್ಮ ಗಣಿ ತೋರಿಸಿ. ಚೆನ್ನಾಗಿ ವಿವರಿಸಿ ಹೇಳಿ, ಆಯ್ತಾ?" ಎಂದು ಸುಗುಣ ಎರಡು ದಿನದ ಮೌನ ಮುರಿದಳು. ಅವಳ ಮುಖದಲ್ಲಿ ಸೌಮ್ಯವಾದ ಒಂದು ನಗುವಿತ್ತು. ಆಗಲೇ ನಾನು ಎಚ್ಚರವಾಗಬೇಕಿತ್ತು.

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ ವಿವರಿಸಿದೆ. ಅಷ್ಟಿಷ್ಟಲ್ಲ, ಅರ್ಧ ಗಂಟೆ. ಕಲ್ಲಿದ್ದಲು ಭೂಮಿಯ ಒಳಗೆ ಪದರ ಪದರವಾಗಿರುತ್ತದೆ ಎಂದೆ. ಅದನ್ನು ತೆಗೆಯಲು ಆಳವಾದ ಬಾವಿ ತೋಡುತ್ತಾರೆ ಎಂದೆ. "ನಮ್ಮಂಥವರು ಕಲ್ಪಿಸಿಕೊಳ್ಳುವುದು ಕಷ್ಟ, ಒಳಗೆ ಕತ್ತಲೆ ಇರುತ್ತದೆ" ಎಂದೆ. ಶಿವಲಿಂಗಪ್ಪನವರು ಎಲ್ಲಕ್ಕೂ "ಹೌದೇನ್ರಿ" ಎನ್ನುತ್ತ, ಗಾಲಿಯ ಮೇಲಿನ ಕಣ್ಣು ತೆಗೆಯದೆ ಕೂತಿದ್ದರು. ಕೊನೆಗೆ ನಾನು ಹೆಮ್ಮೆಯಿಂದ ಸ್ವಿಚ್ ಒತ್ತಿದೆ. ಡೋಲಿ ಸರ್ರನೆ ಇಳಿಯಿತು. ಅವರು ಕುರ್ಚಿಯಿಂದ ಅರ್ಧ ಎದ್ದರು.

"ಡೋಲ್ಯಾಗ ಮಂದಿ ಅದಾರೋ, ಕಲ್ಲಿದ್ದಲಾ ಐತೋ?"

"ಮಂದಿ" ಎಂದೆ.

"ಹಂಗಾರ ಇಷ್ಟ್ ಜೋರ್ ಬಿಡಬಾರದ್ರಿ. ಕಲ್ಲಿದ್ದಲಕ್ಕ ಜೋರ್ ನಡೀತೈತಿ. ಮಂದಿಗೆ ಸಾವಕಾಶ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಗುಣ ಆಗ ಹೇಳಿದಳು: "ಅಜ್ಜ ಚಂದ್ರಪುರದ ಕಡೆ ಒಂದು ಗಣಿಯಲ್ಲಿ ಮೂವತ್ತೊಂದು ವರ್ಷ ಡೋಲಿ ಇಳಿಸುವ ಇಂಜಿನ್ ನಡೆಸಿದವರು. ನಿನ್ನೆ ಸುವರ್ಣಾ ಹೇಳಿದ್ಲು. ನಿಮಗೆ ಹೇಳ್ಬೇಕು ಅಂತಿದ್ದೆ, ಮಾತಾಡ್ತಾ ಇರ್ಲಿಲ್ಲವಲ್ಲ ನಾವು, ಹಾಗೆ ಉಳೀತು."

ಮೇಜಿನ ತೂತಿಗೆ ನಾನು ಅಂದೇ ಪೂರ್ತಿ ದಂಡ ತೆತ್ತೆನೆಂದು ತಿಳಿಯಿರಿ. "ಒಳಗೆ ಕತ್ತಲೆ ಇರುತ್ತದೆ" ಎಂದು ಮೂವತ್ತೊಂದು ವರ್ಷದ ಅನುಭವಸ್ಥರಿಗೆ ಕಲಿಸಿದ ಗುಮಾಸ್ತ ಇನ್ನೊಬ್ಬನಿರಲಾರ. ಆದರೆ ಶಿವಲಿಂಗಪ್ಪನವರು ನಗಲಿಲ್ಲ. "ಭಾಳ ಚಂದ ತಿಳಿಸಿ ಹೇಳಿದ್ರಿ" ಎಂದು ಗಂಭೀರವಾಗಿಯೇ ಹೇಳಿ ಹೋದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಅವರೇ.

ಅಂದಿನಿಂದ ಗಣಿಯ ತಪ್ಪುಗಳು ಒಂದೊಂದಾಗಿ ಹೊರಬಂದವು. ನಾನು ಫೋಟೋ ನೋಡಿ ನೆಟ್ಟಿದ್ದ ಚೂಪು ತುದಿಯ ಮರಗಳನ್ನು ತೋರಿಸಿ, "ಇವು ಯಾವ ಗಿಡಾರಿ?" ಎಂದರು. ಹೆಸರು ನನಗೂ ಗೊತ್ತಿರಲಿಲ್ಲ. ಕಿತ್ತು, ಬೇವು ಹುಣಸೆ ನೆಟ್ಟೆ. ಪ್ಲಾಸ್ಟಿಕ್ ಕಾರ್ಮಿಕರೆಲ್ಲ ಬಿಳಿಯ ಮುಖ, ಕೆಂಪು ಕೆನ್ನೆಯವರು, ತಲೆಗೆ ದೊರೆಗಳ ಟೊಪ್ಪಿ. "ಸಾಹೇಬ್ರು ಇಷ್ಟ ಮಂದಿ ಅದಾರ, ಕೆಲಸಾ ಮಾಡವ್ರು ಎಲ್ಲಿ?" ಎಂದರು. ಸೂಜಿಯಷ್ಟು ಸಣ್ಣ ಕುಂಚದಿಂದ ನಲವತ್ತು ಮುಖಗಳಿಗೆ ಬಣ್ಣ ಬಳಿದೆ, ಟೊಪ್ಪಿ ಹೆರೆದು ತೆಗೆದೆ. ಗಣಿಯ ಗೇಟಿನ ಹೊರಗೆ ಚಹಾದ ಗಾಡಿ ಬಂತು. ಶಿಫ್ಟಿಗೆ ಮುಂಚೆ ದೀಪ ಕೊಡುವ ಕೋಣೆ ಬಂತು. ಒಮ್ಮೆ ಅವರು ತುಂಬ ಹೊತ್ತು ನೋಡಿ, "ಎಲ್ಲಾ ಐತಿ ಖರೆ. ಮಂದಿ ಕೆಲಸಕ್ಕ ಹೆಂಗ ಬಂದ್ರು?" ಎಂದರು. ಸೈಕಲ್ಲುಗಳಿರಬೇಕಿತ್ತಂತೆ. ಗೇಟಿನ ಪಕ್ಕದ ತಗಡಿನ ಚಪ್ಪರದ ಕೆಳಗೆ ಸಾಲಾಗಿ, ಒಂದಕ್ಕೊಂದು ಆನಿಸಿ.

ಒಂದು ಸೆಂಟಿಮೀಟರ್ ಎತ್ತರದ ಸೈಕಲ್ಲನ್ನು ತಂತಿಯಲ್ಲಿ ಬಾಗಿಸಲು ಕೂತೆ. ಒಂದು ದಿನದ ಶ್ರಮದ ಬಳಿಕ ತಯಾರಾದದ್ದನ್ನು ಸುಗುಣ ಅಂಗೈಯಲ್ಲಿಟ್ಟು ನೋಡಿ, "ಇದು ಸೈಕಲ್ಲೋ, ಲಾರಿಯಡಿಗೆ ಬಿದ್ದ ಸೈಕಲ್ಲೋ?" ಎಂದಳು. ಆಮೇಲೆ ತನ್ನ ಕಸೂತಿಯ ಡಬ್ಬಿ ತಂದು, ಸಣ್ಣ ಇಕ್ಕಳದಲ್ಲಿ ತಾಮ್ರದ ಎಳೆ ಹಿಡಿದು, ಮಧ್ಯಾಹ್ನದೊಳಗೆ ಮೂರು ಸೈಕಲ್ಲು ಮಾಡಿದಳು. ಒಂದಕ್ಕೆ ಕ್ಯಾರಿಯರ್ ಇತ್ತು, ಕ್ಯಾರಿಯರಿನಲ್ಲಿ ಊಟದ ಡಬ್ಬಿ ಇತ್ತು. ಶಿವಲಿಂಗಪ್ಪನವರು ಅದನ್ನು ಬೆಳಕಿಗೆ ಹಿಡಿದು, "ಇದು ನಂದ ಸೈಕಲ್ಲ, ತಂಗಿ" ಎಂದರು. ಅವತ್ತಿನಿಂದ ಅವಳ ಬಾಯಲ್ಲಿ ಮೇಜಿನ ಸುದ್ದಿ ಬರಲಿಲ್ಲ.

ಡೋಲಿಗೆ ಗಂಟೆ ಬೇಕೆಂದೂ ಅವರೇ ಹೇಳಿದರು. ಗಂಟೆಯಿಲ್ಲದೆ ಇಂಜಿನ್ ಮುಟ್ಟುವಂತಿಲ್ಲ. ಮೂರು ಸಲ ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆಂದು ಅರ್ಥ. ಹಳೆಯ ಗೆಜ್ಜೆಯೊಂದನ್ನು ಬಾವಿಯ ಬಾಯಿಗೆ ಕಟ್ಟಿದೆವು. ವೇಗ ಹೆಚ್ಚುಕಡಿಮೆ ಮಾಡುವ ಗುಂಡಿಯನ್ನೂ ಕೂರಿಸಿದೆ. ನಾನು ಗೆಜ್ಜೆ ಬಾರಿಸುವುದು, ಅವರು ಗುಂಡಿ ತಿರುಗಿಸುವುದು. ಒಮ್ಮೆ ನಾನು ಫೋನಿನಲ್ಲಿ ಮಾತಾಡುತ್ತ ಎರಡೇ ಸಲ ಬಾರಿಸಿದೆ. ಅವರು ಕೈಕಟ್ಟಿ ಕೂತುಬಿಟ್ಟರು, ನಾನು ಫೋನ್ ಇಟ್ಟು ಸರಿಯಾಗಿ ಮೂರು ಬಾರಿಸುವವರೆಗೆ.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಸುವರ್ಣಾ ಡ್ಯೂಟಿ ಮುಗಿಸಿ ಬಂದವಳು ನಮ್ಮ ಬಾಗಿಲಲ್ಲಿ ನಿಂತಳು. ಹುಟ್ಟಿ ಬೆಳೆದದ್ದೆಲ್ಲ ಗಣಿಯ ಕಾಲನಿಯಲ್ಲಾದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಹಿಂದಿ. "ಅಂಕಲ್, ಅಪ್ಪಾ ವಾಪಸ್ ಹೊಂಟಾರ. ಸೋಮವಾರದ ಟಿಕೆಟ್ ತಗಸ್ಯಾರ. ಚಂದ್ರಪುರದಾಗ ಒಂದು ಕಮರಾ ಹಿಡಿದು ಅಕೇಲಾ, ಒಬ್ಬನ ಇರ್ತೀನಿ ಅಂತಾರ. ಈ ವಯಸ್ಸಿನಾಗ. ನಾ ಹೇಳಿದ್ರ ಸುನ್ತಾನೇ ಇಲ್ಲ. ನೀವರ ಸಮಝಾಸಿ ಹೇಳ್ರಿ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಮರುದಿನ ನಾನು ಮೆಲ್ಲಗೆ ಮಾತು ತೆಗೆದೆ. ಶಿವಲಿಂಗಪ್ಪನವರು ಹಳಿಯ ಮೇಲಿನ ಧೂಳನ್ನು ಊದುತ್ತ, "ಇಲ್ಲಿ ನನಗೇನ್ ಕೆಲಸಾ ಐತ್ರಿ? ಆಕಿ ಪಾಪ ಡ್ಯೂಟಿ ಮಾಡಿ ಬರ್ತಾಳ, ಮತ್ತ ನನಗ ಚಹಾ ಮಾಡ್ತಾಳ. ಐತವಾರ ನಿಮ್ಮ ಪ್ರದರ್ಶನಾ ಮುಗಿಸಿ ಹೋಗ್ತೀನಿ" ಎಂದರು. ನಾನು ಗೆದ್ದೇ ತೀರಬೇಕೆಂದಿದ್ದ ಪ್ರದರ್ಶನ ಇನ್ನೂ ಒಂದು ತಿಂಗಳು ತಡವಾಗಿದ್ದರೆ ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

ಭಾನುವಾರ ಗಣಿಯನ್ನು ವಡಾಲಕ್ಕೆ ಸಾಗಿಸಬೇಕಾಯಿತು. ಬೇರೆಯವರು ತಮ್ಮ ಹಲಗೆಗಳನ್ನು ಎತ್ತಿಕೊಂಡು ಟ್ಯಾಕ್ಸಿಯಲ್ಲಿ ಬರುತ್ತಾರೆ. ನನ್ನ ಬಾವಿ ಮೇಜಿನ ಮೂಲಕ ಇಳಿದಿದ್ದರಿಂದ ಮೇಜೂ ಜೊತೆಗೆ ಹೊರಡಬೇಕಿತ್ತು. ಟೆಂಪೊ ಬಂತು. ನಾಲ್ಕು ಜನ ಹಿಡಿದು ಮೆಟ್ಟಿಲಿಳಿಸುವಾಗ ಆರೋಗ್ಯಕ್ಕಾಗಿ ನಗುವ ಮೂರನೆಯ ಮಾಳಿಗೆಯವರು ಟೆರೇಸಿನಿಂದ ಇಳಿದು ಬಂದು ನಿಂತು, ಅಂದು ಮನಸಾರೆ ನಕ್ಕರು. ಮೇಜಿನ ಜೊತೆ ಅದರ ಒಡತಿಯೂ ಬಂದಳು. ಶಿವಲಿಂಗಪ್ಪನವರು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಂದಿದ್ದರು. ಸುವರ್ಣಾ ರಜೆ ಹಾಕಿದ್ದಳು.

ಹಾಲ್‌ನಲ್ಲಿ ಮಧ್ಯಾಹ್ನದವರೆಗೂ ಎಲ್ಲ ಸುಗಮವಾಗಿ ನಡೆಯಿತು. ನಾನು ಮೂರು ಗೆಜ್ಜೆ, ಅವರು ಸಾವಕಾಶ. ಹಿಮದ ಬೆಟ್ಟದ ಮುಂದಿದ್ದ ಜನ ಒಬ್ಬೊಬ್ಬರಾಗಿ ನಮ್ಮ ಕಡೆ ಬಂದು ನಿಂತರು. ಮೂವತ್ತು ನಲವತ್ತು ಜನ ಸೇರಿದ್ದ ಹೊತ್ತಿಗೆ ಸರಿಯಾಗಿ ಮೋಟಾರಿನಿಂದ ಸುಟ್ಟ ವಾಸನೆ ಬಂತು. ಡೋಲಿ ಬಾವಿಯ ನಡುವೆ, ಮೇಜಿನಿಂದ ಒಂದು ಗೇಣು ಕೆಳಗೆ, ನಿಂತುಬಿಟ್ಟಿತು. ಒಳಗೆ ಮೂವರು. ತೀರ್ಪುಗಾರರು ಆಗಷ್ಟೇ ನಮ್ಮ ಸಾಲಿಗೆ ಬರುತ್ತಿದ್ದರು. ಡೋಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ರೈಲನ್ನಷ್ಟೇ ಓಡಿಸೋಣವೆಂದು ಮೇಜಿನಡಿಗೆ ಕೈ ಹಾಕಿದೆ. ಶಿವಲಿಂಗಪ್ಪನವರು ನನ್ನ ಮಣಿಕಟ್ಟು ಹಿಡಿದರು. ಎಂಬತ್ತರ ಕೈ, ಇಕ್ಕಳದ ಹಾಗಿತ್ತು.

"ಕೈ ತಗೀರಿ. ಒಳಗ ಮಂದಿ ಅದಾರ."

ಅವರು ಮೋಟಾರಿನ ರಬ್ಬರ್ ಪಟ್ಟಿಯನ್ನು ಕಳಚಿದರು. ದಾರ ಸುತ್ತಿದ ಪುಟ್ಟ ರಾಟೆಯನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯನ್ನು ಗಾಲಿಯ ಮೇಲೆ ಹಗುರವಾಗಿ ಇಟ್ಟು, ತಿರುಗಿಸತೊಡಗಿದರು. ಒಂದೊಂದು ಸುತ್ತಿಗೂ ಡೋಲಿ ಒಂದಿಷ್ಟೇ ಏರುತ್ತಿತ್ತು. ಸುತ್ತಲಿನವರು ಇದ್ದಲ್ಲೇ ಬಗ್ಗಿ ನಿಂತರು. ತೀರ್ಪುಗಾರರೂ ಪೆನ್ನು ಹಿಡಿದು ಹಾಗೆಯೇ ನಿಂತರು. ಐದು ನಿಮಿಷವಾಗಿರಬಹುದು. ನಾನು ಪ್ಲಾಸ್ಟಿಕ್ ಎಂಬುದನ್ನು ಮರೆತು, ಆ ಮೂವರಿಗೆ ಏನೂ ಆಗದಿರಲಿ ಎಂದುಕೊಳ್ಳುತ್ತಿದ್ದೆ. ಡೋಲಿ ಬಾವಿಯ ಬಾಯಿಗೆ ಬಂದು ನೆಲದ ಮಟ್ಟಕ್ಕೆ ನಿಂತಾಗ ಅವರು ನನ್ನ ಮುಖ ನೋಡಿದರು. ನಾನು ಗೆಜ್ಜೆಯನ್ನು ಒಂದು ಸಲ ಬಾರಿಸಿದೆ. ನಿಲ್ಲಿಸು ಎಂದು ಅದಕ್ಕೆ ಅರ್ಥ. ಆಮೇಲೆ ಜನ ಚಪ್ಪಾಳೆ ತಟ್ಟಿದರು.

ಅವರು ಕುರ್ಚಿಯಲ್ಲಿ ಕೂತು ನೀರು ಕುಡಿದರು. "ಒಮ್ಮಿ ಹಿಂಗ ಆಗಿತ್ತು" ಎಂದು ತಾವಾಗಿಯೇ ಹೇಳಿದರು. "ಇಂಜಿನ್ ಕೆಟ್ಟು ನಿಂತಿತ್ತು. ಡೋಲ್ಯಾಗ ಹದಿನಾಕು ಮಂದಿ. ರಿಪೇರಿ ಆಗೂತನಾ ಬ್ರೇಕಿನ ಮ್ಯಾಲಿನ ಕೈ ತಗಿಯೂ ಹಂಗಿದ್ದಿಲ್ಲ. ಮುಂಜಾನಿಂದ ಮಧ್ಯಾಹ್ನ ಆತು. ಹಸಿವಿ ಭಾಳ. ಸುವರ್ಣಾನ ಅವ್ವಗ ಸುದ್ದಿ ಹೋತು. ಡಬ್ಬಿ ತಗೊಂಡು ಬಂದಳು. ನನ್ನ ಕೈ ಖಾಲಿ ಇಲ್ಲ. ತಾನ ರೊಟ್ಟಿ ಮುರದು ನನಗ ತಿನ್ನಿಸಿದಳು. ಮ್ಯಾನೇಜರ್, ಇಂಜಿನಿಯರ್, ಎಲ್ಲಾರೂ ಸುತ್ತ ನಿಂತಾರ. ಹದಿನಾಕೂ ಮಂದಿ ಸುಸೂತ್ರ ಮ್ಯಾಲ ಬಂದ್ರು. ಆದ್ರ ನನಗ ಆ ನಾಚಿಕಿ ಹೋಗಾಕ ಒಂದು ವರ್ಷಾ ಹಿಡೀತು."

ಸುವರ್ಣಾ ನಗುತ್ತಿದ್ದಳು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು. "ಅಪ್ಪಾ, ಇದನ್ನ ನನಗ ಕಭೀ ಹೇಳೇ ಇಲ್ಲಲ್ಲ."

"ನೀ ಕೇಳೇ ಇಲ್ಲಲ್ಲ" ಎಂದರು ಅವರು.

ಬಹುಮಾನ ಹಿಮದ ಬೆಟ್ಟಕ್ಕೇ ಹೋಯಿತು. ಮೋಟಾರು ಸುಟ್ಟದ್ದಕ್ಕೆ ನಮ್ಮ ಅಂಕ ಕಡಿತವಾಯಿತಂತೆ. ತೀರ್ಪುಗಾರರಲ್ಲಿ ಒಬ್ಬರು ಶಿವಲಿಂಗಪ್ಪನವರ ಕೈ ಕುಲುಕಿ, "ಬಹಳ ಸುಂದರವಾದ ಗಣಿ ಮಾಡಿದ್ದೀರಿ" ಎಂದು ಹೊಗಳಿ, ನನ್ನ ಕಡೆ ತಿರುಗಿ, ಸಾರ್‌ಗೆ ಚಹಾ ತಂದುಕೊಡಿ ಎಂದರು. ನಾನು ತಂದುಕೊಟ್ಟೆ. ಸೋಮವಾರ ಬೆಳಿಗ್ಗೆ ನಾನು ಅವರಿಗೆ ದಾರಿಗೆಂದು ಬಾಳೆಹಣ್ಣು ತೆಗೆದಿಟ್ಟು, ಕೆಳಗಿಳಿಯಲು ಚಪ್ಪಲಿ ಮೆಟ್ಟುತ್ತಿದ್ದೆ. ಹತ್ತಕ್ಕೆ ಸರಿಯಾಗಿ ಕರೆಗಂಟೆ ಸದ್ದಾಯಿತು. ಶಿವಲಿಂಗಪ್ಪನವರು ನಿಂತಿದ್ದರು, ಕೈಯಲ್ಲಿ ಚೀಲವಿರಲಿಲ್ಲ.

"ಟಿಕೆಟ್?" ಎಂದೆ.

"ಮೋಟಾರ್ ಸುಟ್ಟೈತಲ್ರಿ. ಹಂಗ ಬಿಟ್ಟು ಹೆಂಗ ಹೋಗೂದು?" ಎನ್ನುತ್ತ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ಬಾಳೆಹಣ್ಣನ್ನು ಮೂವರೂ ತಿಂದೆವು.

ಆಮೇಲೆ ಹೊಸ ಮೋಟಾರು ಬಂತು. ದಸ್ತಗೀರ್ ಸಾಹೇಬರು ಕೈಯಿಂದಲೂ ತಿರುಗಿಸುವಂಥ ಒಂದು ಪುಟ್ಟ ಹಿಡಿಯನ್ನು ಹಾಕಿಕೊಟ್ಟರು. ಶಿವಲಿಂಗಪ್ಪನವರು ಹೋಗುವ ಮಾತನ್ನು ಮತ್ತೆ ಎತ್ತಿಲ್ಲ. ದಿನವೂ ಹತ್ತರಿಂದ ಒಂದರವರೆಗೆ ಶಿಫ್ಟ್. ನಾನು ಪೇಪರ್ ಓದುತ್ತ ಹತ್ತೂ ಹತ್ತಕ್ಕೆ ಬಂದರೆ ಅವರು ಗೋಡೆಯ ಗಡಿಯಾರ ನೋಡುತ್ತಾರೆ. ಕಳೆದ ತಿಂಗಳು ಪುಣೆಯಲ್ಲಿ ನನ್ನ ತಮ್ಮನ ಗೃಹಪ್ರವೇಶವಿತ್ತು. ಎರಡು ದಿನ ಬರಲಾಗುವುದಿಲ್ಲ ಎಂದು ಅವರಿಗೆ ಹೇಳುವಾಗ, ನನ್ನ ಮನೆಯಲ್ಲೇ ನಿಂತು ನಾನೇ ರಜೆ ಕೇಳುತ್ತಿದ್ದೇನೆಂದು ನನಗೆ ಹೊಳೆಯಿತು.

"ಬದಲಿ ಯಾರ್ನ ಬಿಟ್ಟು ಹೊಂಟೀರಿ?" ಎಂದರು.

ಕಾಲುನೋವೆಂದು ಪ್ರಯಾಣ ತಪ್ಪಿಸಿಕೊಂಡಿದ್ದ ಸುಗುಣ, "ನಾನು ನೋಡ್ಕೊಳ್ತೇನೆ ಅಜ್ಜ" ಎಂದಳು.

ಎರಡು ದಿನ ಕಳೆದು ಬಂದು, ಕೈಕಾಲು ತೊಳೆದು, ಉತ್ಸಾಹದಿಂದ ಗೆಜ್ಜೆಯ ಬಳಿ ಹೋಗಿ ನಿಂತೆ. ಅಲ್ಲಿ ಸುಗುಣ ಕುರ್ಚಿ ಹಾಕಿಕೊಂಡು ಕೂತಿದ್ದಳು, ಏಳಲಿಲ್ಲ. ಶಿವಲಿಂಗಪ್ಪನವರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು. "ನೋಡ್ರಿ, ತಂಗಿ ಗಂಟಿ ಭಾಳ ಛಲೋ ಬಾರಸ್ತಾಳ. ಲಕ್ಷ್ಯ ಐತಿ. ಇದು ಮಂದಿ ಜೀವದ ಕೆಲಸಾ. ನೀವು ಇನ್ನ ಮ್ಯಾಲಿನ ಕೆಲಸಾ ನೋಡ್ಕೊಳ್ರಿ."

ಮೇಲಿನ ಕೆಲಸವೆಂದರೆ ಏನೆಂದು ಕೇಳಿದೆ. ಉದುರಿದ ಕಲ್ಲಿದ್ದಲು ಗುಡಿಸುವುದು, ವ್ಯಾಗನ್ ಒರೆಸುವುದು, ಹನ್ನೊಂದಕ್ಕೆ ಚಹಾ.

ಈಗ ಮನೆಗೆ ಬಂದವರು ಈ ಗಣಿ ಯಾರದೆಂದು ಕೇಳಿದರೆ ನನ್ನದೇ ಎನ್ನುತ್ತೇನೆ. ಆದರೆ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಒಳಗೆ ಶಿಫ್ಟ್ ನಡೆಯುತ್ತಿರುತ್ತದೆ, ಕೆಲಸದ ಹೊತ್ತಿನಲ್ಲಿ ಕೈಕೆಳಗಿನವರು ಮಾತಾಡುತ್ತ ನಿಲ್ಲುವುದು ಅವರಿಬ್ಬರಿಗೂ ಹಿಡಿಸುವುದಿಲ್ಲ.